ಎರಡನೇ ಕೂಗಿಗೆ ಮುನ್ನ

ಸರ್ವಮಂಗಳಾ ಹೊಲಿಗೆ ಬಿಚ್ಚುತ್ತಿದ್ದಳು. ಬ್ಲೇಡಿನ ಮೂಲೆಯಿಂದ ಒಂದೊಂದೇ ಹೊಲಿಗೆ ಕಿತ್ತು, ನೂಲಿನ ತುಂಡುಗಳನ್ನು ಮಡಿಲಿಗೆ ಉದುರಿಸಿಕೊಳ್ಳುತ್ತ, ಕೆಂಪು ಬಟ್ಟೆಯ ಮೂರನೇ ಅಂಚಿಗೆ ಬಂದಿದ್ದಳು. ಬೇರೆಯವರ ಹೊಲಿಗೆ ಬಿಚ್ಚುವಾಗ ಬೇಸರವಿಲ್ಲ. ಇದು ಅವಳದೇ ಹೊಲಿಗೆ. ಮೂರು ವಾರದ ಹಿಂದೆ ಇದೇ ಮಿಷನ್ನಿನಲ್ಲಿ ಹೊಲಿದಿದ್ದು. ಮೂರು ಅಂಚನ್ನು ಸುಮ್ಮನೆ ಮಡಿಚಿ, ನಾಲ್ಕನೆಯ ಬದಿಗೆ ಲಂಗಕ್ಕೆ ಲಾಡಿ ತೂರಿಸಲು ಬಿಡುವ ಹಾಗೆ ಕೋಲು ತೂರಿಸಲು ಜಾಗ ಬಿಟ್ಟಿದ್ದಳು. ಯಾವುದೋ ಸ್ಕೂಲಿನ ಆಟೋಟಕ್ಕೆ ಬಾವುಟವಂತೆ ಎಂದು ಓರಗಿತ್ತಿ ಸರೋಜಮ್ಮ ಬಟ್ಟೆ ತಂದುಕೊಟ್ಟಿದ್ದಳು. ಈಗ ಅದೇ ಬಟ್ಟೆ ಒಗೆಯದೆ ಹಾಗೇ ವಾಪಸು ಬಂದಿತ್ತು. ಕೆಲಸದವಳ ಮಗಳಿಗೆ ಒಂದು ಲಂಗ ಮಾಡಿಕೊಡಬೇಕಂತೆ, ಒಳ್ಳೇ ಬಟ್ಟೆ ಸುಮ್ಮನೆ ಹಾಳಾಗಬಾರದಂತೆ. ಸರೋಜಕ್ಕನ ಮನೆಯಲ್ಲಿ ಹರಿದ ಸೀರೆಯೂ ನಾಲ್ಕು ಜನ್ಮ ಎತ್ತಿಯೇ ಸಾಯುತ್ತಿತ್ತು.

ಬಿಚ್ಚಿದ ಮಡಿಕೆಯಿಂದ ಬೂದಿಬಣ್ಣದ ಪುಡಿ ಉದುರಿತು. ಸರ್ವಮಂಗಳಾ ಅದನ್ನು ಕೊಡವಿ, ನೂಲು ಸಿಕ್ಕಿಕೊಂಡಿತೆಂದು ಮಿಷನ್ನಿನ ಡ್ರಾಯರ್ ಎಳೆದು ಕತ್ತರಿಗೆ ಕೈಹಾಕಿದಳು. ಕತ್ತರಿಯ ಕೆಳಗೆ ಆ ಛಾಪಾಕಾಗದ ಇತ್ತು. ಗಂಡ ಸತ್ತು ಆರು ವರ್ಷವಾಗಿತ್ತು. ಚನ್ನರಾಯನದುರ್ಗದ ಬೆಟ್ಟದಡಿಯ ಬಂಡೆನೆಲದಲ್ಲಿ ಅವನ ಪಾಲು ಅರ್ಧ. ಈಗಿನ ಕಾಯಿದೆಯಂತೆ ಅದು ತನ್ನದೇ ಎಂದು ಅವಳಿಗೂ ಗೊತ್ತಿತ್ತು. ಆ ಹಕ್ಕನ್ನು ಬಿಟ್ಟುಕೊಡುವ ಪತ್ರ ಬರೆಸಿ ತಂದಿದ್ದವನು ಗಂಡನ ಅಣ್ಣ ಮಹಾಲಿಂಗಯ್ಯ. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತೂ ಮಾಡಿದ್ದ. "ಬಂಡೆ ಇಟ್ಕೊಂಡು ನೀನೇನು ಮಾಡ್ತೀಯಮ್ಮ?" ಎಂದಿದ್ದ. ಅವಳ ಬಳಿ ಉತ್ತರವಿರಲಿಲ್ಲ. ಉತ್ತರವಿಲ್ಲದ್ದನ್ನೇ ಅವನು ಒಪ್ಪಿಗೆ ಎಂದುಕೊಂಡು ಹೋಗಿದ್ದ. ಮಂಗಳವಾರ ರಿಜಿಸ್ಟ್ರಿ ಆಗಬೇಕಿತ್ತು. ಇವತ್ತು ಶನಿವಾರ.

ಬಾಗಿಲಲ್ಲಿ ನೆರಳು ಬಿತ್ತು.

"ಹೆಡ್‌ಮಿಸ್ಸಮ್ಮನ ಮನೆ ಇದೇನಾ?"

ಬಂದವಳಿಗೆ ನಲವತ್ತೈದು ದಾಟಿರಬೇಕು. ತಲೆಯ ಮೇಲೆ ಸೆರಗು, ಕೈಯಲ್ಲಿ ಮಾಸಿದ ಮಣಿಸರ. ಬಲಗೈ ತೋಳು ಎಡಗೈಗಿಂತ ದಪ್ಪಗಿದ್ದುದನ್ನು ಸರ್ವಮಂಗಳಾ ಮೊದಲು ಗಮನಿಸಿದಳು. ರವಿಕೆ ಹೊಲಿಯುವವರ ಕಣ್ಣು ಹಾಗೆ.

ಹೆಡ್‌ಮಿಸ್ಸಮ್ಮ ಅಂದರೆ ರಾಜಲಕ್ಷ್ಮಮ್ಮ. ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದು ನಿವೃತ್ತರಾದವರು. ಪಾವಗಡದ ಬಸ್ಸಿನಲ್ಲಿ ಮಾಯವಾದ ಪ್ರಶ್ನೆಪತ್ರಿಕೆಯ ಕಟ್ಟನ್ನೂ, ಹುಲಿಕುಂಟೆಯ ಸಂತೆಯಲ್ಲಿ ಅದಲುಬದಲಾದ ಎಮ್ಮೆಯನ್ನೂ ಪತ್ತೆಮಾಡಿಕೊಟ್ಟ ಮೇಲೆ ನಾಲ್ಕು ತಾಲ್ಲೂಕಿನ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಸರ್ವಮಂಗಳಾ ಅವರ ಹಿಂದೆ ಸ್ಲೇಟು ಹಿಡಿದುಕೊಂಡು ಐದು ವರ್ಷದಿಂದ ಸುತ್ತುತ್ತಿದ್ದಳು. ರಾಜಲಕ್ಷ್ಮಮ್ಮ ಕಾಗದದ ಮೇಲೆ ಏನನ್ನೂ ಬರೆಯುತ್ತಿರಲಿಲ್ಲ. ಸ್ಲೇಟಿನ ಮೇಲೆ ಬರೆದು, ತಪ್ಪೆನಿಸಿದರೆ ಒದ್ದೆ ಬಟ್ಟೆಯಿಂದ ಒರಸುತ್ತಿದ್ದರು. ಕಾಗದಕ್ಕೆ ಹಟ ಜಾಸ್ತಿ ಎನ್ನುತ್ತಿದ್ದರು.

ಬಂದವಳ ಹೆಸರು ಅಮೀನಾಬಿ. ಶಿರಾದವಳು. ಗಂಡ ಅಹಮದ್ ಷರೀಫ್ ಚನ್ನರಾಯನದುರ್ಗದ ಕಲ್ಲುಕ್ವಾರಿಯಲ್ಲಿ ಸೈರನ್ ತಿರುಗಿಸುತ್ತಿದ್ದ. ಅವನು ಎದೆರೋಗದಿಂದ ಹೋದ ಮೇಲೆ ನಾಲ್ಕು ವರ್ಷದಿಂದ ಅವಳೇ ತಿರುಗಿಸುತ್ತಿದ್ದಳು. ಕ್ವಾರಿಯ ಕಂಟ್ರಾಕ್ಟರ್ ಮಹಾಲಿಂಗಯ್ಯ. ಹೆಸರು ಕೇಳಿದಾಗ ಸರ್ವಮಂಗಳಾ ತಲೆಯೆತ್ತಿ ಮತ್ತೆ ತಗ್ಗಿಸಿದಳು.

ಜಯಮಂಗಲಿ ಹೊಳೆಗೆ ಕಟ್ಟುತ್ತಿದ್ದ ಸೇತುವೆಗೆ ಅಲ್ಲಿಂದ ಕಲ್ಲು ಹೋಗುತ್ತಿತ್ತು. ದಿನಾ ಮಧ್ಯಾಹ್ನ ಒಂದು ಸಲ ಬಂಡೆಗೆ ಮದ್ದಿಡುತ್ತಿದ್ದರು. ಅದಕ್ಕೆ ಮುಂಚೆ ಮೂರು ಕೂಗು. ಮೊದಲನೆಯದಕ್ಕೆ ಕೆಲಸ ನಿಲ್ಲಿಸಿ ಸಾಮಾನು ಎತ್ತಿಕೊಳ್ಳಬೇಕು. ಎರಡನೆಯದರ ಹೊತ್ತಿಗೆ ಕಲ್ಲು ಒಡೆಯುವ ಹಳ್ಳದಲ್ಲಿ ಮದ್ದಿನವನೊಬ್ಬನ ಹೊರತು ನರಪಿಳ್ಳೆ ಇರಬಾರದು. ಮೂರನೆಯದರ ಜೊತೆಗೆ ಅಮೀನಾಬಿ ಕೆಂಪು ಬಾವುಟ ಎತ್ತಿದರೆ, ಮದ್ದಿನ ಚನ್ನಮಲ್ಲಯ್ಯ ಬತ್ತಿಗೆ ಬೆಂಕಿ ಕೊಡುತ್ತಿದ್ದ. ಇಪ್ಪತ್ತು ವರ್ಷ ಮದ್ದಿನ ಜೊತೆ ಬಾಳಿ ಅವನ ಎರಡು ಕಿವಿಯೂ ಹೋಗಿದ್ದವು. ಅವನಿಗೆ ಕೂಗು ಕೇಳದು, ಬಾವುಟ ಕಾಣುತ್ತದೆ.

ಗುರುವಾರ ಬಂಡೆ ಸಿಡಿದಾಗ ಪಾವಗಡದ ಕಡೆಯ ಓಬಳೇಶ ಎಂಬ ಕಲ್ಲುಕುಟಿಗ ಇನ್ನೂ ಹಳ್ಳದೊಳಗಿದ್ದ. ಚಕ್ಕೆ ತಲೆಗೆ ಬಡಿದು ಅಲ್ಲೇ ಸತ್ತ. ಸೈರನ್ ಕೂಗಲೇ ಇಲ್ಲ ಎಂದು ಮೇಸ್ತ್ರಿ ಗಂಗಾಧರಯ್ಯ ಹೇಳಿದ. ಅವನ ಹಿಂದೆ ಏಳು ಜನ ಆಳುಗಳು ಹೇಳಿದರು. ಬಾವುಟ ಎದ್ದಿತ್ತು ಎಂದು ಚನ್ನಮಲ್ಲಯ್ಯ ಹೇಳಿದ. ಸಬ್ ಇನ್ಸ್‌ಪೆಕ್ಟರ್ ನಂದೀಶ್ವರಯ್ಯನಿಗೆ ಲೆಕ್ಕ ಸರಿಹೋಯಿತು. ಹೆಂಗಸು ತೂಕಡಿಸಿದ್ದಾಳೆ, ಎಚ್ಚರವಾದಾಗ ಹೊತ್ತಾಯಿತೆಂದು ಗಾಬರಿಬಿದ್ದು ಕೂಗಿಸದೆಯೇ ಬಾವುಟ ಎತ್ತಿದ್ದಾಳೆ. ಹಾಗೆಂದು ಬರೆದ ಕಾಗದಕ್ಕೆ ಸೋಮವಾರ ಅವಳು ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಜೈಲಿಲ್ಲದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಹಾಲಿಂಗಯ್ಯ ಹೇಳಿಕಳಿಸಿದ್ದ.

"ಜೈಲಿಗೆ ಬೇಕಾದ್ರೆ ಹೋಗ್ತೀನಿ ಅಮ್ಮಾ," ಎಂದಳು ಅಮೀನಾಬಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. "ಹೆಬ್ಬೆಟ್ಟು ಒತ್ತಲ್ಲ. ಒತ್ತಿದ್ರೆ ಓಬಳೇಶನ್ನ ನಾನೇ ಕೊಂದಂಗೆ. ನಾನು ಒಂದು ಸಲ ಕೂಗಿಸ್ದೆ. ಎರಡನೇದಕ್ಕೆ ಮುಂಚೇನೇ ಬಂಡೆ ಹಾರೋಯ್ತು. ಬಾವುಟಕ್ಕೆ ನನ್ನ ಕೈ ತಾಗೇ ಇಲ್ಲ, ಅಲ್ಲಾನ ಆಣೆ."

ಒಂದು ಕೂಗಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು, ಗಡಿಯಾರ ಇದೆಯೇ ಎಂದು ರಾಜಲಕ್ಷ್ಮಮ್ಮ ಕೇಳಿದರು. ಅಮೀನಾಬಿ ಕೈಯ ಮಣಿಸರ ಮೇಲೆತ್ತಿದಳು. ತಸ್ಬಿ. ಮೂರು ಸುತ್ತು ಎಣಿಸಿದರೆ ಒಂದು ಕೂಗಿನ ಬಿಡುವು. ಗಂಡ ಕಲಿಸಿದ್ದು. ಬೇಗ ಎಣಿಸಿದರೆ ದೇವರಿಗೂ ಮೋಸ, ಹಳ್ಳದಲ್ಲಿರುವವರಿಗೂ ಮೋಸ ಎನ್ನುತ್ತಿದ್ದನಂತೆ.

"ಬಂಡೆ ಸಿಡಿದಾಗ ಎಷ್ಟನೇ ಮಣಿ?"

ಹೊಲಿಗೆ ಬಿಡಿಸುತ್ತಿದ್ದ ಸರ್ವಮಂಗಳೆಯ ಕೈ ನಿಂತಿತು. ಪೊಲೀಸರು ಕೇಳದ ಪ್ರಶ್ನೆ ಅದು.

"ಎರಡನೇ ಸುತ್ತು. ದೊಡ್ಡ ಮಣಿ ದಾಟಿ ಆರೋ ಏಳೋ."

ರಾಜಲಕ್ಷ್ಮಮ್ಮ ಸ್ಲೇಟಿನ ಮೇಲೆ 'ಎರಡನೇ ಸುತ್ತು' ಎಂದು ಬರೆದರು. ಒರಸಲಿಲ್ಲ.

ಭಾನುವಾರ ಬೆಳಗಿನ ಕೊರಟಗೆರೆ ಬಸ್ಸಿನಲ್ಲಿ ಮೂವರೂ ಹೊರಟರು. ಕೆಂಪು ಬಟ್ಟೆಯ ನಾಲ್ಕನೇ ಅಂಚು ಬಿಚ್ಚದೆ ಮಿಷನ್ನಿನ ಮೇಲೇ ಉಳಿಯಿತು.

ಕ್ವಾರಿಗೆ ರಜೆ. ಹಳ್ಳದ ಎದುರಿಗೆ ಒಂದು ದೊಡ್ಡ ಗುಂಡುಕಲ್ಲಿನ ಮೇಲೆ ಸೈರನ್ ಕೂತಿತ್ತು. ಯುದ್ಧಕಾಲದ ಮಿಲಿಟರಿ ಸಾಮಾನು. ಮೂರು ಕಾಲಿನ ಕಬ್ಬಿಣದ ಡೋಲಿನ ಹಾಗೆ, ಪಕ್ಕದಲ್ಲಿ ಹಿಡಿ. ಅಮೀನಾಬಿ ಅದರ ಹೊದಿಕೆ ತೆಗೆದು ಸೆರಗಿನಿಂದ ಒರಸಿದಳು. ಹಸುವಿನ ಮೈ ಒರಸುವ ಹಾಗಿತ್ತು. ಗುಂಡಿನ ಬಲಕ್ಕೆ ಆನೆಬಂಡೆ ಎಂಬ ಇನ್ನೊಂದು ಬಂಡೆ. ಗುಂಡಿನ ಮೇಲೆ ನಿಂತವರಿಗೆ ಆನೆಬಂಡೆಯ ಆಚೆ ಏನಿದೆಯೆಂದು ಕಾಣದು. ಹಳ್ಳಕ್ಕಿಳಿದು ನೋಡಿದರೆ ಎರಡರ ನೆತ್ತಿಯೂ ಒಂದೇ ಸಾಲಿನಲ್ಲಿ ಅಂಟಿಕೊಂಡ ಹಾಗೆ ಕಾಣುತ್ತಿತ್ತು. ಆನೆಬಂಡೆಯ ಹಿಂದೆ ಮೇಸ್ತ್ರಿಯ ಗುಡಿಸಲು, ಅದರ ಪಕ್ಕ ಗಾಡಿದಾರಿ.

ಅಮೀನಾಬಿಯ ಬಾವುಟವನ್ನು ಸರ್ವಮಂಗಳಾ ಕೈಗೆತ್ತಿಕೊಂಡಳು. ನಾಲ್ಕು ಬೇಸಗೆಯ ಬಿಸಿಲು ಕುಡಿದು ಅದು ಈರುಳ್ಳಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಅಂಚು ಪಿಸಿದು ದಾರದಾರವಾಗಿತ್ತು.

ಮೇಸ್ತ್ರಿ ಗಂಗಾಧರಯ್ಯ ಬಂದು, ಹೆಂಗಸರಿಗೆ ಇಲ್ಲಿ ಏನು ಕೆಲಸ ಎಂದು ಕೇಳಿದ. ಹೆಗಲ ಮೇಲೆ ಕೆಂಪು ಚೌಕದ ಟವೆಲ್ ಇತ್ತು. ಗುರುವಾರ ಆ ಹೊತ್ತಿಗೆ ತಾನು ಗುಡಿಸಲಲ್ಲಿ ಹಾಜರಿ ಬರೆಯುತ್ತಿದ್ದೆ ಎಂದ. ಕಂಟ್ರಾಕ್ಟರು ಬೆಳಿಗ್ಗೆ ಕಾರಿನಲ್ಲಿ ಬಂದಿದ್ದರು, ಇಂಜಿನಿಯರು ಒಂದು ಗಂಟೆಗೆ ಕಲ್ಲು ನೋಡಲು ಬರುವವರಿದ್ದರು, ಬೇಗ ಮುಗಿಸಿ ಎಂದು ಹೇಳಿ ಹನ್ನೊಂದಕ್ಕೇ ಮಧುಗಿರಿಗೆ ಹೊರಟುಹೋದರು ಎಂದ. ಹೊರಡುವ ಮುಂಚೆ ಮಹಾಲಿಂಗಯ್ಯ ಒಂದು ಕೂಗು ಸಾಕು, ಮೂರು ಯಾಕೆ ಎಂದು ಅಮೀನಾಬಿಯ ಜೊತೆ ಜಗಳವಾಡಿದ್ದನ್ನು ಮೇಸ್ತ್ರಿ ಹೇಳಲಿಲ್ಲ. ಅಮೀನಾಬಿ ಹೇಳಿದಳು. ಅವಳು ಆಗಲೂ ಒಪ್ಪಿರಲಿಲ್ಲ.

ಚನ್ನಮಲ್ಲಯ್ಯನನ್ನು ಕೈಸನ್ನೆಯಲ್ಲಿ ಮಾತಾಡಿಸಬೇಕಾಯಿತು. ಅವನು ಮೂರು ದಿನದಿಂದ ಉಂಡ ಹಾಗಿರಲಿಲ್ಲ. ಬಾವುಟ ಹೇಗಿತ್ತು ಎಂದು ರಾಜಲಕ್ಷ್ಮಮ್ಮ ಕೇಳಿದಾಗ, ಕಿವುಡರು ಮಾತಾಡುವ ದೊಡ್ಡ ಧ್ವನಿಯಲ್ಲಿ, "ಕೆಂಪಗೆ, ತಾಯಿ. ಹೊಸಾ ಮದುವೆ ಸೀರೆ ಹಂಗೆ. ಕೋಲಲ್ಲಿ ಚಾಚ್ಕಂಡು ಆಡ್ತಿತ್ತು. ಅದನ್ನ ನೋಡೇ ಬೆಂಕಿ ಕೊಟ್ಟೆ," ಎಂದ. ಆಮೇಲೆ ತನ್ನ ಎರಡು ಕೈಯನ್ನೂ ಬೇರೆಯವರವು ಎಂಬ ಹಾಗೆ ನೋಡಿಕೊಂಡ.

ಸರ್ವಮಂಗಳಾ ನೆಲ ನೋಡಿದಳು. ಹೊಸ ಕೆಂಪು. ಕೋಲು. ಮಡಿಲಿಗೆ ಉದುರಿದ್ದ ಬೂದಿಬಣ್ಣದ ಪುಡಿ ಈಗ ಅವಳ ಕಾಲಡಿಯಲ್ಲೇ ಇತ್ತು, ಕ್ವಾರಿಯ ತುಂಬ. ಮೇಸ್ತ್ರಿಯ ಟವೆಲ್ಲಿನ ಕಡೆ ಬೆರಳು ಮಾಡಿ, "ಇದೇ ಇರಬಹುದಲ್ಲವೇ ಅಮ್ಮ," ಎಂದು ಮೆಲ್ಲಗೆ ಅಂದಳು. ಹಾಗಿರಲಿ ಎಂದು ಅವಳಿಗೆ ಎಷ್ಟು ಆಸೆಯಿತ್ತೆಂದರೆ, ಅಂದ ಕೂಡಲೇ ನಾಚಿಕೆಯಾಯಿತು. ರಾಜಲಕ್ಷ್ಮಮ್ಮ ಕನ್ನಡಕದ ಮೇಲಿನಿಂದ ಅವಳನ್ನು ಒಂದು ಗಳಿಗೆ ನೋಡಿ ಆಳುಗಳ ಹಟ್ಟಿಯ ಕಡೆ ನಡೆದರು.

ಹಟ್ಟಿಯಲ್ಲಿ ಹನ್ನೆರಡು ಗುಡಿಸಲು. ಅಲ್ಲಿನ ಗಂಡಸರೇ ಸೈರನ್ ಕೂಗಲಿಲ್ಲ ಎಂದು ಹೇಳಿಕೆ ಕೊಟ್ಟವರು. ಹೆಂಗಸರು ಇವರನ್ನು ಕಂಡು ಒಳಗೆ ಸರಿದರು. ರಾಜಲಕ್ಷ್ಮಮ್ಮ ಸೈರನ್ನಿನ ಮಾತೇ ಎತ್ತಲಿಲ್ಲ. ಮೊದಲ ಗುಡಿಸಲಿನ ಮುಂದೆ ಕೂತು, ಗುರುವಾರ ಏನಡುಗೆ ಎಂದು ಕೇಳಿದರು.

ದಾರಿಗೆ ಹತ್ತಿಕೊಂಡ ಆ ಗುಡಿಸಲಿನ ತಿಪ್ಪಕ್ಕ ನಕ್ಕಳು. "ಬುಡಿ ಅಮ್ಮಾ. ಅವತ್ತಿನ ಹಿಟ್ಟು ನಾವು ಉಣ್ಲಿಲ್ಲ, ನಾಯಿ ತಿಂತು."

"ಯಾಕೆ?"

"ನಡುವೆ ಹಸಿ, ಸುತ್ತ ಗಂಟು. ತೊಳಸ್ಲೇ ಇಲ್ವಲ್ಲ."

ಮಾತು ಹಾಗೆ ಬಿಚ್ಚಿಕೊಂಡಿತು. ಹಟ್ಟಿಯಲ್ಲಿ ಯಾರಿಗೂ ಗಡಿಯಾರವಿಲ್ಲ. ಮೊದಲ ಕೂಗಿಗೆ ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿಯುತ್ತಾರೆ. ಎರಡನೇ ಕೂಗಿನವರೆಗೆ ಹಿಟ್ಟು ಅಲುಗದೆ ಬೇಯುತ್ತದೆ. ಎರಡನೆಯದಕ್ಕೆ ಕೋಲು ಹಾಕಿ ತೊಳಸುತ್ತಾರೆ. ಮೂರನೆಯದಕ್ಕೆ ಮುದ್ದೆ ಕಟ್ಟುತ್ತಾರೆ. ಬಂಡೆ ಸಿಡಿದು ಗಂಡಸರು ಬರುವಷ್ಟರಲ್ಲಿ ತಟ್ಟೆಯಲ್ಲಿ ಮುದ್ದೆ ಹಬೆಯಾಡುತ್ತಿರುತ್ತದೆ. ರಾಜಲಕ್ಷ್ಮಮ್ಮ ಹನ್ನೆರಡು ಒಲೆಯ ಮುಂದೆಯೂ ಅದೇ ಪ್ರಶ್ನೆ ಕೇಳಿದರು. ಎಲ್ಲಾ ಮನೆಯಲ್ಲೂ ಹಿಟ್ಟು ಸುರಿದಾಗಿತ್ತು. ಒಂದು ಮನೆಯಲ್ಲೂ ತೊಳಸಿರಲಿಲ್ಲ. ಅಷ್ಟರಲ್ಲಿ ಸಿಡಿದು, ಕೂಗಾಟ ಕೇಳಿ, ಎಲ್ಲರೂ ಮಡಕೆ ಬಿಟ್ಟು ಓಡಿದ್ದರು.

"ನೀನು ತಕ್ಷಣ ಓಡಿದೆಯಾ?" ಎಂದು ತಿಪ್ಪಕ್ಕನನ್ನು ಕೇಳಿದರು.

"ಇಲ್ಲ ಕಣಮ್ಮ. ಬಾಗ್ಲಲ್ಲಿ ಕಾರು ದುಂಬಿ ಹಂಗೆ ಗುಂಯ್ ಅಂತ ಹೋಯ್ತು. ಧೂಳೆಲ್ಲಾ ಮಡಕೆಗೆ. ತಟ್ಟೆ ಮುಚ್ಚಿ ಆಮೇಲೆ ಓಡ್ದೆ." ಹೇಳಿಬಿಟ್ಟ ಮೇಲೆ ಅವಳು ಕೈಯನ್ನು ಬಾಯಿಗೆ ಒತ್ತಿಕೊಂಡಳು.

ಕೊನೆಯ ಗುಡಿಸಲಿನಲ್ಲಿ ಓಬಳೇಶನ ಹೆಂಡತಿ ಅಂಜಿನಮ್ಮ ಇದ್ದಳು. ಪೊಲೀಸರು ಒಪ್ಪಿಸಿ ಹೋಗಿದ್ದ ಗಂಡನ ಟವೆಲ್ ಗಂಟು ಅವಳ ತೊಡೆಯ ಮೇಲಿತ್ತು. ಅವನ ಮೈಯಡಿ ಸಿಕ್ಕಿದ್ದಂತೆ. ಒಳಗೆ ಉಳಿಗಳು. ಗಂಟನ್ನು ಎರಡು ಸುತ್ತು ಬಿಗಿದು ಕಟ್ಟಿತ್ತು.

"ಮಾ ಆಯನ ಕಟ್ಟಿದ್ ಗಂಟು," ಎಂದಳು ಪಾವಗಡದ ತೆಲುಗು ಬೆರೆಸಿ. "ಬಿಚ್ಚಕ್ಕೆ ಮನಸು ರಾಲೇದಮ್ಮ, ಬರ್ಲಿಲ್ಲ."

"ಬಿಚ್ಚಬೇಡ," ಎಂದರು ರಾಜಲಕ್ಷ್ಮಮ್ಮ. ಹೊರಗಿನಿಂದಲೇ ಮುಟ್ಟಿ ಎಣಿಸಿದರು. ಏಳು ಉಳಿ. ಅವನ ಹತ್ತಿರ ಇದ್ದದ್ದು ಎಷ್ಟು ಎಂದು ಕೇಳಿದ್ದಕ್ಕೆ ಅವಳೂ ಏಳು ಎಂದಳು.

ಸಂಜೆಯ ಬಸ್ಸಿನಲ್ಲಿ ರಾಜಲಕ್ಷ್ಮಮ್ಮ ಕಣ್ಣು ಮುಚ್ಚಿ ಕೂತಿದ್ದರು. ಸರ್ವಮಂಗಳೆಗೆ ಕಿಟಕಿಯ ಆಚೆ ಏನೂ ಕಾಣಲಿಲ್ಲ. ತಾನು ಸುಮ್ಮನಿದ್ದರೆ ಏನಾಗುತ್ತದೆ? ನಾಳೆ ಆ ಬಟ್ಟೆ ಲಂಗವಾಗುತ್ತದೆ. ಯಾವುದೋ ಮಗು ಉಟ್ಟು ಕುಣಿಯುತ್ತದೆ. ಭಾವ ಭಾವನಾಗಿಯೇ ಇರುತ್ತಾನೆ. ವರ್ಷಕ್ಕೆರಡು ಸೀರೆ, ಹಬ್ಬಕ್ಕೆ ಕರೆ, ಊರಿನಲ್ಲಿ ಒಂದು ಹೆಸರು. ಆರು ವರ್ಷ ಅವಳು ಸುಮ್ಮನಿದ್ದೇ ಬಾಳಿದ್ದಳು. ಸುಮ್ಮನಿರುವುದೂ ಒಂದು ಹೆಬ್ಬೆಟ್ಟು ಎಂದು ಅವಳಿಗೆ ಮಧುಗಿರಿಯ ಕೋಟೆ ಕಾಣುವ ಹೊತ್ತಿಗೆ ಹೊಳೆಯಿತು. ಓದುಬರಹ ಬಾರದ ಅಮೀನಾಬಿಗೆ ಗೊತ್ತಿದ್ದದ್ದು ತನಗೆ ಗೊತ್ತಾಗಲು ಇಷ್ಟು ದಿನ ಬೇಕಾಯಿತಲ್ಲ.

ಮನೆಗೆ ಬಂದು ದೀಪ ಹಚ್ಚುವ ಮುಂಚೆಯೇ ಕೆಂಪು ಬಟ್ಟೆ ತಂದು ಸ್ಲೇಟಿನ ಮೇಲೆ ಹಾಕಿದಳು. ಎಲ್ಲವನ್ನೂ ಹೇಳಿದಳು.

"ನೀನು ಟವೆಲ್ ತೋರಿಸಿದಾಗಲೇ ಏನೋ ಇದೆ ಅಂದುಕೊಂಡೆ," ಎಂದರು ರಾಜಲಕ್ಷ್ಮಮ್ಮ. "ಐದು ವರ್ಷದಲ್ಲಿ ನೀನು ನನಗೆ ಅಡ್ಡದಾರಿ ತೋರಿಸಿದ್ದು ಅದೊಂದೇ ಸಲ. ಇದನ್ನು ನಾನು ನಾಳೆ ಎತ್ತಿ ತೋರಿಸಬಹುದು. ಇದು ನಿನ್ನ ಹೊಲಿಗೆ ಅಂತ ನೀನೇ ಹೇಳಬೇಕು. ಹೇಳ್ತೀಯಾ?"

ಸರ್ವಮಂಗಳಾ ಹೂಂ ಎಂದು ತಲೆಯಾಡಿಸಿದಳು.

ಸೋಮವಾರ ಹನ್ನೊಂದೂವರೆಗೆ ಎಲ್ಲರೂ ಸೈರನ್ ಗುಂಡಿನ ಬುಡದಲ್ಲಿ ಸೇರಿದರು. ಹೇಳಿಕೆಯ ಕಾಗದ, ಶಾಯಿಯ ಡಬ್ಬಿ ಹಿಡಿದು ನಂದೀಶ್ವರಯ್ಯ ಬಂದಿದ್ದ. ಅವನ ಹೆಂಡತಿ ರಾಜಲಕ್ಷ್ಮಮ್ಮನ ಶಿಷ್ಯೆಯಾದ್ದರಿಂದ ಅರ್ಧ ಗಂಟೆ ಅವರ ಮಾತು ಕೇಳಲು ಒಪ್ಪಿದ್ದ. ಮಹಾಲಿಂಗಯ್ಯ ಕಪ್ಪು ಕಾರಿಗೆ ಒರಗಿ ನಿಂತಿದ್ದ. ತಮ್ಮನ ಹೆಂಡತಿಯನ್ನು ಕಂಡು, "ನೀನೂ ಬಂದ್ಯಾ ಮಂಗಳಾ? ಬಿಸಿಲು ಜಾಸ್ತಿ, ಕಾರಲ್ಲಿ ಕೂತ್ಕೋಬಾರ್ದಾ," ಎಂದ. ಅವನ ಅಕ್ಕರೆ ಸುಳ್ಳೇನಲ್ಲ. ಅದೇ ಅವಳಿಗೆ ಕಷ್ಟವಾಯಿತು.

"ಹೇಳಿಕೆ ಕೊಟ್ಟವರೆಲ್ಲ ಗಂಡಸರು, ನಂದೀಶ್ವರಯ್ಯನವರೇ," ಎಂದು ರಾಜಲಕ್ಷ್ಮಮ್ಮ ಶುರುಮಾಡಿದರು. "ಆದ್ದರಿಂದ ನಾನು ಮಡಕೆಗಳನ್ನು ಕೇಳಿದೆ."

ಕೂಗಿಗೂ ಮುದ್ದೆಗೂ ಇರುವ ನಂಟನ್ನು ವಿವರಿಸಿದರು. "ಸೈರನ್ ಕೂಗಿರದಿದ್ದರೆ ಹನ್ನೆರಡು ಮನೆಯಲ್ಲೂ ಬರೀ ಎಸರು ಕುದಿಯುತ್ತಿರಬೇಕಿತ್ತು. ಹಿಟ್ಟು ಸುರಿದಾಗಿತ್ತು, ಹಾಗಾದರೆ ಮೊದಲ ಕೂಗು ಆಗಿದೆ. ಯಾರೂ ತೊಳಸಿರಲಿಲ್ಲ, ಹಾಗಾದರೆ ಎರಡನೆಯದು ಆಗಿಲ್ಲ. ಅಮೀನಾಬಿಯ ತಸ್ಬಿಯೂ ಅದನ್ನೇ ಹೇಳಿತು."

ಹೆಂಗಸರು ಏನೋ ಅಡುಗೆ ಮಾತಾಡಿದರೆ ಅದನ್ನೂ ಸಾಕ್ಷಿ ಅನ್ನುತ್ತೀರಾ ಎಂದು ಗಂಗಾಧರಯ್ಯ ನಕ್ಕ.

"ಹಾಗಾದರೆ ಗಂಡಸಿನ ಸಾಕ್ಷಿಯನ್ನೇ ಕೇಳೋಣ," ಎಂದು ರಾಜಲಕ್ಷ್ಮಮ್ಮ ಅಂಜಿನಮ್ಮನನ್ನು ಕರೆದರು. ಅವಳು ಟವೆಲ್ ಗಂಟನ್ನು ಎತ್ತಿಹಿಡಿದಳು. "ಕಲ್ಲುಕುಟಿಗ ಕೆಲಸದ ನಡುವೆ ಇದ್ದರೆ ಒಂದು ಉಳಿ ಕೈಯಲ್ಲಿರುತ್ತದೆ, ಉಳಿದದ್ದು ಸುತ್ತ ಹರಡಿರುತ್ತದೆ. ಓಬಳೇಶ ಏಳು ಉಳಿಯನ್ನೂ ಸುತ್ತಿ ಎರಡು ಗಂಟು ಹಾಕಿ ಹೊರಟಿದ್ದ. ಅವನು ಮೊದಲ ಕೂಗು ಕೇಳಿದ್ದ. ನಿಯಮದಂತೆ ಸಾಮಾನು ಎತ್ತಿಕೊಂಡು ಬರುತ್ತಿದ್ದ. ಅವನದು ತಪ್ಪಿಲ್ಲ, ಕೂಗಿಸಿದವಳದೂ ತಪ್ಪಿಲ್ಲ."

ಆಳುಗಳ ಸಾಲಿನಲ್ಲಿ ಯಾರೋ ಕೆಮ್ಮಿದರು. ತಿಪ್ಪಕ್ಕನ ಗಂಡ ನೆಲ ನೋಡಿದ.

"ಹಾಗಾದ್ರೆ ಬಾವುಟ?" ಎಂದ ನಂದೀಶ್ವರಯ್ಯ.

ರಾಜಲಕ್ಷ್ಮಮ್ಮ ಅಮೀನಾಬಿಯ ಬಾವುಟವನ್ನು ಚನ್ನಮಲ್ಲಯ್ಯನ ಮುಂದೆ ಹಿಡಿದರು. ಅವನು ಅದನ್ನೇ ದಿಟ್ಟಿಸಿ, ಇದಲ್ಲ ಎಂದು ತಲೆಯಾಡಿಸಿದ. ನಾಲ್ಕು ವರ್ಷ ಇದನ್ನೇ ನೋಡಿಲ್ಲವೇ, ಅವತ್ತು ಯಾಕೆ ಅನುಮಾನ ಬರಲಿಲ್ಲ ಎಂದು ಸನ್ನೆಯಲ್ಲಿ ಕೇಳಿದಾಗ, ಹಳೆಯದು ಮಾಸಿದೆ, ಹೊಸದು ಮಾಡಿಸಿದ್ದಾರೆ ಅಂದುಕೊಂಡೆ ಎಂದ.

"ಹೊಸದು ಮಾಡಿಸಿದ್ದು ನಿಜ," ಎಂದರು ರಾಜಲಕ್ಷ್ಮಮ್ಮ. ಸರ್ವಮಂಗಳೆಯ ಕಡೆ ತಿರುಗಿದರು.

ಸರ್ವಮಂಗಳಾ ಚೀಲದಿಂದ ಕೆಂಪು ಬಟ್ಟೆ ತೆಗೆದಳು. ಬಿಸಿಲಿಗೆ ಅದು ಕೆಂಡದ ಹಾಗೆ ಹೊಳೆಯಿತು. ಚನ್ನಮಲ್ಲಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ಇದನ್ನ ಹೊಲಿದವಳು ನಾನು," ಎಂದಳು. "ಮೂಲೆಮೂಲೆಗೂ ಕೈಯಲ್ಲಿ ಮೂರು ಗಂಟು ಹಾಕೋದು ನಮ್ಮಮ್ಮ ಕಲಿಸಿದ್ದು. ಮಧುಗಿರೀಲಿ ಬೇರೆ ಯಾರೂ ಹಾಕಲ್ಲ. ಮೂರು ವಾರದ ಹಿಂದೆ ನಮ್ಮ ಭಾವನವರ ಮನೆಯಿಂದ ಬಂತು, ಸ್ಕೂಲಿನ ಬಾವುಟ ಅಂತ. ಶನಿವಾರ ಬಿಚ್ಚೋಕೆ ವಾಪಸು ಬಂತು. ಮಡಿಕೆಯಲ್ಲಿ ಈ ಕ್ವಾರಿ ಪುಡಿ ಇತ್ತು. ಈ ನಾಲ್ಕನೇ ಅಂಚು ಬಿಚ್ಚಿಲ್ಲ, ನೋಡ್ಕೊಳಿ."

ಮಹಾಲಿಂಗಯ್ಯ ಜೋರಾಗಿ ಉಸಿರು ಬಿಟ್ಟ. ಆ ಬಾವುಟ ಮಾಡಿಸಿದ್ದು ತಾನೇ, ಇಲ್ಲವೆನ್ನುವುದಿಲ್ಲ, ಕ್ವಾರಿಗೆಂದೇ ತಂದಿದ್ದೆ ಎಂದ. ಆದರೆ ಅದು ಕಾರಿನಲ್ಲೇ ಇತ್ತು, ತಾನು ಹನ್ನೊಂದಕ್ಕೇ ಹೊರಟೆ, ಆಮೇಲೆ ಮೇಸ್ತ್ರಿ ಬೇರೆ ಏನಾದರೂ ಬೀಸಿದ್ದರೆ ತನಗೆ ಗೊತ್ತಿಲ್ಲ ಎಂದ.

ಗಂಗಾಧರಯ್ಯನ ಮುಖ ಬಿಳುಚಿತು. ತನ್ನ ಹೆಗಲಿನ ಟವೆಲ್ ಅವನಿಗೇ ಭಾರವಾದ ಹಾಗಿತ್ತು.

"ಬಾವುಟ ನಿಮ್ಮ ಕಾರಿನಲ್ಲಿ ಇತ್ತು ಎಂದು ಈಗ ನೀವೇ ಹೇಳಿದಿರಿ," ಎಂದರು ರಾಜಲಕ್ಷ್ಮಮ್ಮ. "ಬಾವುಟ ಎಲ್ಲಿತ್ತೋ ಕಾರು ಅಲ್ಲೇ ಇತ್ತು. ಚನ್ನಮಲ್ಲಯ್ಯ ಈ ಕೆಂಪನ್ನು ಕಂಡಿದ್ದು ಮೊದಲ ಕೂಗಾದ ಮೇಲೆ. ತಿಪ್ಪಕ್ಕಾ, ನಿನ್ನ ಹಿಟ್ಟಿಗೆ ಧೂಳು ಬಿದ್ದಿದ್ದು ಯಾವಾಗ?"

ಇದು ಮಡಕೆಯ ಪ್ರಶ್ನೆಯಲ್ಲ ಎಂದು ತಿಪ್ಪಕ್ಕನಿಗೂ ಗೊತ್ತಿತ್ತು. ಗಂಡನ ಕಡೆ ನೋಡಿದಳು. ಆಮೇಲೆ ಅಂಜಿನಮ್ಮನ ಕೈಯ ಗಂಟಿನ ಕಡೆ ನೋಡಿದಳು.

"ಸಿಡಿದ್ ಮೇಲೆ," ಎಂದಳು. "ಇದೇ ಕರೀ ಕಾರು. ಈ ದಾರೀಲಿ ಇನ್ಯಾವ್ ಕಾರು ಐತೆ?"

ರಾಜಲಕ್ಷ್ಮಮ್ಮ ಉಳಿದದ್ದನ್ನು ಜೋಡಿಸಿ ಹೇಳಿದರು. ಮೂರು ಕೂಗಿನ ಬಿಡುವು ಮಹಾಲಿಂಗಯ್ಯನಿಗೆ ಹಿಂದಿನಿಂದಲೂ ಕಿರಿಕಿರಿ. ಅಮೀನಾಬಿ ಬಗ್ಗುವವಳಲ್ಲ. ಅವಳನ್ನು ಬಿಟ್ಟು ಕೆಲಸ ನಡೆಸಲೆಂದೇ ಎರಡನೇ ಬಾವುಟ ಮಾಡಿಸಿ ಕಾರಿನಲ್ಲಿ ಇಟ್ಟುಕೊಂಡಿದ್ದ. ಗುರುವಾರ ಇಂಜಿನಿಯರು ಬರುವುದರೊಳಗೆ ಬಂಡೆ ಬೀಳಬೇಕಿತ್ತು. ಮೊದಲ ಕೂಗಾದ ಸ್ವಲ್ಪ ಹೊತ್ತಿಗೇ ಆನೆಬಂಡೆಯ ಆಚೆ ಬದಿ ನಿಂತು ಬೀಸಿದ. ಸೈರನ್ ಗುಂಡಿಗೆ ಅದು ಕಾಣದು, ಹಳ್ಳಕ್ಕೆ ಕಾಣುತ್ತದೆ, ಅಲ್ಲಿಂದ ನೋಡಿದರೆ ಎರಡು ಬಂಡೆಯೂ ಒಂದೇ. ಓಬಳೇಶ ಸಾಯಬೇಕೆಂದು ಅವನು ಬಯಸಿರಲಿಲ್ಲ. ಸತ್ತ ಮೇಲೆ ಆ ಸಾವನ್ನು ಅಮೀನಾಬಿಯ ಹೆಬ್ಬೆರಳಿಗೆ ಅಂಟಿಸಲು ಮಾತ್ರ ಬಯಸಿದ. ಬಾವುಟವನ್ನು ಸೀಟಿನಡಿ ತುರುಕಿ ಮರೆತ. ಒಳ್ಳೇ ಬಟ್ಟೆ ಬಿಸಾಕದ ಹೆಂಡತಿಯನ್ನು ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಕೂಗು ಕೇಳಿಸಲಿಲ್ಲ ಅಂತ ಹೇಳ್ರೋ ಅಂದೋರು ಅವರೇ ಸ್ವಾಮಿ," ಎಂದ ಗಂಗಾಧರಯ್ಯ ತಟ್ಟನೆ. ಆಳುಗಳ ಸಾಲಿನಿಂದ ಒಬ್ಬ, ಮತ್ತೊಬ್ಬ, ಹೌದು ಎಂದರು.

ನಂದೀಶ್ವರಯ್ಯ ಹೇಳಿಕೆಯ ಕಾಗದವನ್ನು ಉದ್ದಕ್ಕೆ ಹರಿದ. ಶಾಯಿಯ ಡಬ್ಬಿಗೆ ಮುಚ್ಚಳ ಹಾಕಿದ. ಮಹಾಲಿಂಗಯ್ಯ ಜೀಪು ಹತ್ತುವಾಗ ತಮ್ಮನ ಹೆಂಡತಿಯ ಕಡೆ ನೋಡಲಿಲ್ಲ.

ಅಮೀನಾಬಿ ಯಾರನ್ನೂ ಕೇಳದೆ ಗುಂಡು ಹತ್ತಿದಳು. ಹೊದಿಕೆ ತೆಗೆದು, ಎರಡು ಕೈಯಿಂದ ಹಿಡಿ ತಿರುಗಿಸಿದಳು. ಕೂಗು ಮೊದಲು ನರಳಿ, ಆಮೇಲೆ ಏರಿ, ಬೆಟ್ಟದ ಕೋಟೆಗೋಡೆಗೆ ಬಡಿದು ವಾಪಸು ಬಂತು. ನಿಲ್ಲಿಸಿ ತಸ್ಬಿ ಎಣಿಸಿದಳು. ಮೂರು ಸುತ್ತು, ಒಂದು ಮಣಿಯೂ ಬಿಡದೆ. ಗುರುವಾರ ಉಳಿದುಹೋಗಿದ್ದ ಎರಡನೆಯದನ್ನು ಕೂಗಿಸಿದಳು. ಮತ್ತೆ ಎಣಿಸಿ, ಮೂರನೆಯದನ್ನೂ. ಅಷ್ಟು ಹೊತ್ತೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ಅಂಜಿನಮ್ಮ ಗಂಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು.

ಸಂಜೆ ಸರೋಜಮ್ಮ ಬಂದಳು. ಅತ್ತು ಕಣ್ಣು ಊದಿದ್ದವು. ಬೈಯುತ್ತಾಳೆ ಎಂದುಕೊಂಡಿದ್ದ ಸರ್ವಮಂಗಳೆಗೆ ಅವಳು ಬೈಯದೇ ಇದ್ದದ್ದು ಹೆಚ್ಚು ನೋವಾಯಿತು.

"ನನ್ನ ಕೈಯಾರೆ ಕಳಿಸಿದೆನಲ್ಲ ಮಂಗಳಾ," ಎಂದಳು. "ಬಟ್ಟೆ ಚೆನ್ನಾಗಿತ್ತು, ಬಿಸಾಕೋಕೆ ಮನಸ್ಸು ಬರಲಿಲ್ಲ."

ಇಬ್ಬರೂ ಕಾಫಿ ಕುಡಿದರು. ಆದದ್ದಾಯಿತು, ಮನೆಯ ಮರ್ಯಾದೆ ಇಷ್ಟಾದರೂ ಉಳಿಯಲಿ, ಅವರು ಜಾಮೀನಿನ ಮೇಲೆ ಬರುತ್ತಾರೆ, ಆ ಪತ್ರವನ್ನಾದರೂ ನಾಳೆ ರಿಜಿಸ್ಟ್ರಿ ಮಾಡಿಕೊಟ್ಟುಬಿಡು, ಮನಸ್ಸಿಗೆ ಸಮಾಧಾನವಾಗುತ್ತದೆ ಎಂದು ಸರೋಜಮ್ಮ ಬೇಡಿಕೊಂಡಳು. ಸರ್ವಮಂಗಳಾ ಓರಗಿತ್ತಿಯ ಕೈಯನ್ನು ಹಿಡಿದುಕೊಂಡಳು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸರೋಜಮ್ಮ ಎಂದಿನಂತೆ ಅದನ್ನೇ ಒಪ್ಪಿಗೆ ಎಂದುಕೊಂಡು ಎದ್ದುಹೋದಳು.

ಒಳಗೆ ರಾಜಲಕ್ಷ್ಮಮ್ಮ ಸ್ಲೇಟು ತೊಳೆಯುವ ಸದ್ದು ಕೇಳುತ್ತಿತ್ತು. ಸರ್ವಮಂಗಳಾ ಡ್ರಾಯರ್ ಎಳೆದು ಛಾಪಾಕಾಗದ ತೆಗೆದಳು. ಬಂಡೆ ಇಟ್ಟುಕೊಂಡು ನೀನೇನು ಮಾಡುತ್ತೀಯ ಎಂದು ಭಾವ ಕೇಳಿದ್ದ. ಮೂರು ಸಲ ಕೂಗಿಸುತ್ತೇನೆ ಎಂದುಕೊಂಡಳು. ಅರ್ಧ ಬಂಡೆ ತನ್ನದಾದರೆ, ಮೂರು ಕೂಗಾಗದೆ ಅದರ ಒಂದು ಚಕ್ಕೆಯೂ ಹಾರಬಾರದು.

ನಾಳೆ ಕೊಡಬೇಕಾದ ರವಿಕೆಯೊಂದು ಬಾಕಿಯಿತ್ತು. ತೋಳಿನ ಅಚ್ಚಿಗೆ ಇಟ್ಟುಕೊಂಡಿದ್ದ ಹಳೇ ಪೇಪರು ಮೆತ್ತಗಾಗಿ ಹರಿದಿತ್ತು. ಛಾಪಾಕಾಗದ ದಪ್ಪ, ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಅದನ್ನು ಮಗುಚಿ ಹಾಕಿ, ಸೀಮೆಸುಣ್ಣದಲ್ಲಿ ತೋಳಿನ ಬಾಗು ಗುರುತು ಮಾಡಿಕೊಂಡಳು. ಕತ್ತರಿ ಸಹಿಯ ಜಾಗದ ಪೆನ್ಸಿಲಿನ ಗುರುತಿನ ಮೇಲೆ ಹಾದುಹೋದಾಗ ಒಂದಿಷ್ಟೂ ತಡೆಯಲಿಲ್ಲ.

"ಏನು ಕತ್ತರಿಸ್ತಾ ಇದೀಯಾ ಈ ಹೊತ್ತಲ್ಲಿ?" ಎಂದು ಒಳಗಿನಿಂದ ರಾಜಲಕ್ಷ್ಮಮ್ಮ ಕೇಳಿದರು.

"ರವಿಕೆ ತೋಳು ಅಮ್ಮಾ," ಎಂದಳು ಸರ್ವಮಂಗಳಾ.